ಟೈರಿನ ಪಕ್ಕೆಯಿಂದ ಶುರು ಮಾಡಿ: ನನ್ನ ಪೋಲೊ ಜಿಟಿಗೆ ಚಕ್ರ ಆರಿಸಿದ ಲೆಕ್ಕ

ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರು ಇಟ್ಟುಕೊಂಡ ಇಬ್ಬರು ಒಂದು ಕಡೆ ಸೇರಿದರೆ ಮಾತು ಬೇಗನೆ ಚಕ್ರಕ್ಕೆ ಬಂದು ನಿಲ್ಲುತ್ತದೆ. 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಸುಮಾರು 1,100 ಕೆ.ಜಿ. ತೂಕ. ಕಾಗದದ ಮೇಲೆ ಇವತ್ತಿಗೆ ದೊಡ್ಡ ಅಂಕಿಗಳಲ್ಲ. ಆದರೆ 2022ರಲ್ಲಿ ಪುಣೆ ಬಳಿಯ ಚಾಕಣ್‌ನಲ್ಲಿ ಪೋಲೊ ತಯಾರಿ ನಿಂತ ಮೇಲೆ ಇದನ್ನು ಮಾರದೆ ಜೋಪಾನ ಮಾಡಿಕೊಂಡವರು ಬಹಳ ಜನ, ಅದರಲ್ಲಿ ನಾನೂ ಒಬ್ಬ. ನನ್ನ ಕಾರು ಬಂದದ್ದು 185/60 ಆರ್15 ಟೈರಿನಲ್ಲಿ, ಅಂದರೆ ಹದಿನೈದು ಇಂಚು ವ್ಯಾಸದ ರಿಮ್ಮಿಗೆ (ಟೈರು ಕೂರುವ ಲೋಹದ ಚಕ್ರಕ್ಕೆ) ಹೊಂದುವ ಟೈರಿನಲ್ಲಿ. ಎರಡನೇ ಗೇರಿನಲ್ಲಿ ಬಿಗಿಯಾದ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಇನ್ನೂ ಕೊಡಲು ಸಿದ್ಧವಿರುತ್ತದೆ, ಮುಂದಿನ ಒಳಚಕ್ರ ಮಾತ್ರ ಹಿಡಿತ ಬಿಟ್ಟು ತಿರುಗತೊಡಗುತ್ತದೆ. ಈ ಕಾರನ್ನು ಉತ್ತಮಗೊಳಿಸಲು ಮೊದಲ ರೂಪಾಯಿ ಹಾಕಬೇಕಾದದ್ದು ಟೈರಿಗೆ. ಎಂಜಿನ್ ಕಂಪ್ಯೂಟರಿನ ರೀಮ್ಯಾಪು, ಎಕ್ಸಾಸ್ಟು ಎಲ್ಲ ಆಮೇಲೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹದಿನಾರು ಇಂಚಿನ ರಿಮ್ಮಿಗೆ ಹೋಗಲಾ, ಹದಿನೇಳಕ್ಕೆ ಹೋಗಲಾ? ನನ್ನ ಪ್ರಕಾರ ರಿಮ್ಮಿನ ಇಂಚನ್ನು ಕೊನೆಗೆ ತೀರ್ಮಾನಿಸಬೇಕು. ಮೊದಲು ನೀವು ಓಡಿಸುವ ರಸ್ತೆ, ಆ ರಸ್ತೆ ಕೇಳುವ ಟೈರಿನ ಪಕ್ಕೆಯ (ರಿಮ್ಮಿನ ಅಂಚಿನಿಂದ ನೆಲ ಮುಟ್ಟುವ ಮೈವರೆಗಿನ ರಬ್ಬರಿನ) ಎತ್ತರ, ಆಮೇಲೆ ಆ ಟೈರು ಕೇಳುವ ರಿಮ್ಮಿನ ಅಗಲ, ಆಮೇಲೆ ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಇಲ್ಲವೇ ಹೊರಗೆ ಕೂರುತ್ತದೆ ಎಂಬ ಅಳತೆ. ಈ ಕ್ರಮದಲ್ಲಿ ಹೋದರೆ ಇಂಚು ತಾನಾಗಿಯೇ ಗೊತ್ತಾಗುತ್ತದೆ.

ನನ್ನ ರಸ್ತೆ ಹೀಗಿದೆ. ಕೆಲಸ ಪೀಣ್ಯದ ಒಂದು ಟೂಲ್‌ರೂಮಿನಲ್ಲಿ, ಅಪ್ಪ ಅಮ್ಮ ಇರುವುದು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನದವರೆಗೆ ನಾಲ್ಕು ಪಥದ ಹೆದ್ದಾರಿ, ಯಾವ ಚಕ್ರ ಹಾಕಿದರೂ ನಡೆಯುತ್ತದೆ. ಬೇಲೂರು ಕಳೆದ ಮೇಲೆ ರಸ್ತೆ ಕಿರಿದಾಗುತ್ತದೆ, ತಿರುವು ಹೆಚ್ಚುತ್ತದೆ, ಓಡಿಸುವವನಿಗೆ ಖುಷಿ ಅಲ್ಲಿಂದಲೇ ಶುರು. ಜೊತೆಗೆ ಮಳೆಗಾಲದಲ್ಲಿ ನೀರು ತುಂಬಿ ಆಳ ತಿಳಿಯದ ಗುಂಡಿಗಳೂ ಅಲ್ಲಿಂದಲೇ. ಅಕ್ಕನ ಮನೆ ಬೆಳ್ತಂಗಡಿಯಲ್ಲಿ. ಅಲ್ಲಿಗೆ ಹೋಗುವುದಾದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿದ್ದ ಘಾಟಿ ಅದು. ಜುಲೈ ತಿಂಗಳಲ್ಲಿ ಒಂದೇ ತಿರುವಿನಲ್ಲಿ ಒಣ ಡಾಂಬರು, ಹರಿಯುವ ನೀರು, ಅಂಚಿನ ಕೆಸರು ಮೂರೂ ಸಿಗುತ್ತವೆ. ನನ್ನ ಟೈರು ಉತ್ತರ ಕೊಡಬೇಕಾದದ್ದು ಈ ರಸ್ತೆಗೆ.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಇದನ್ನು ವಿವರಿಸಲು ನೋಡಿದೆ.

"ಸಾರ್, ಹದಿನೇಳು ಹಾಕ್ಸಿ. 205/45. ಗಾಡಿ ಗುರ್ತೇ ಸಿಗಲ್ಲ ನೋಡಿ ಆಮೇಲೆ."

"ಮೂಡಿಗೆರೆ ಕಡೆ ಓಡಾಡೋ ಗಾಡಿ ಅಣ್ಣ. ಪಕ್ಕೆ ಎಷ್ಟು ಉಳಿಯುತ್ತೆ ಹೇಳಿ."

"ಅದೇನೂ ಆಗಲ್ಲ ಸಾರ್. ಗಾಳಿ ಎರಡು ಪಾಯಿಂಟ್ ಜಾಸ್ತಿ ಇಟ್ಕೊಳಿ ಅಷ್ಟೇ."

ಆಗುತ್ತದೆ. ಲೆಕ್ಕ ಸುಲಭ. ಟೈರಿನ ಮೇಲಿನ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕೆಯ ಎತ್ತರ ಎಂಬುದು. 185ರ ಶೇಕಡಾ 60 ಅಂದರೆ 111 ಮಿ.ಮೀ. 205ರ ಶೇಕಡಾ 45 ಅಂದರೆ 92 ಮಿ.ಮೀ. ಹತ್ತೊಂಬತ್ತು ಮಿಲಿಮೀಟರು ಹೋಯಿತು. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಟೈರು ಮಡಚಿಕೊಂಡು, ಅದರ ಒಳಮೈ ಹೋಗಿ ರಿಮ್ಮಿನ ತುಟಿಗೆ ತಾಗಿದರೆ ಪಕ್ಕೆಯ ಒಳಗಿನ ನೂಲು ಅಲ್ಲೇ ಕತ್ತರಿಸಿಹೋಗುತ್ತದೆ. ಹೊರಗೆ ಕಾಣುವುದು ಒಂದು ಉಬ್ಬು. ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ, ಟೈರು ಎಸೆಯಬೇಕು. ಗಾಳಿ ಹೆಚ್ಚಿಸಿದರೆ ಮಡಚುವುದು ಸ್ವಲ್ಪ ಕಡಿಮೆಯಾಗುತ್ತದೆ ನಿಜ. ಆದರೆ ಗಟ್ಟಿಯಾದ ಟೈರು ಒರಟು ರಸ್ತೆಯ ಮೇಲೆ ಕುಪ್ಪಳಿಸುತ್ತದೆ, ನೆಲ ಬಿಟ್ಟ ಕ್ಷಣದಲ್ಲಿ ಹಿಡಿತ ಸೊನ್ನೆ. ಹಿಡಿತಕ್ಕಾಗಿ ಖರ್ಚು ಮಾಡಿ ಹಿಡಿತವನ್ನೇ ಕಳೆದುಕೊಂಡ ಹಾಗೆ.

ಯುರೋಪಿನ ಪೋಲೊ ಜಿಟಿಐ 215/40 ಆರ್17ರಲ್ಲಿ ಬರುತ್ತಿತ್ತು ಎಂದು ಹಲವರು ತೋರಿಸುತ್ತಾರೆ. ಅದರ ಪಕ್ಕೆ 86 ಮಿ.ಮೀ., ಒಟ್ಟು ವ್ಯಾಸ ನಮ್ಮ ಹದಿನೈದರ ಚಕ್ರಕ್ಕೆ ಹೆಚ್ಚುಕಡಿಮೆ ಸಮ. ವ್ಯಾಸದ ದೃಷ್ಟಿಯಿಂದ ಅತ್ಯಂತ ಸರಿಯಾದ ಅಳತೆ. ಆದರೆ ಆ ಚಕ್ರಕ್ಕೆ ತಕ್ಕ ಸ್ಪ್ರಿಂಗು, ಡ್ಯಾಂಪರು (ಶಾಕ್ ಅಬ್ಸಾರ್ಬರ್) ಆ ಕಾರಿಗಿದ್ದವು, ತಕ್ಕ ರಸ್ತೆಯೂ ಆ ಊರುಗಳಿಗಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮಾತ್ರ ಓಡಾಡುವವರಿಗೂ ನಾನು ಅದನ್ನು ಹೇಳುವುದಿಲ್ಲ.

ಹದಿನೇಳಕ್ಕೆ ಇನ್ನೊಂದು ಬೆಲೆ ಇದೆ: ತೂಕ. ಚಕ್ರ, ಟೈರು, ಬ್ರೇಕು ಇವು ಸ್ಪ್ರಿಂಗಿನ ಕೆಳಗಿನ ತೂಕ. ಗುಂಡಿಯಲ್ಲಿ ಮೇಲೆದ್ದ ಇವನ್ನು ಹತೋಟಿಯಲ್ಲಿಟ್ಟು ಮತ್ತೆ ನೆಲಕ್ಕೆ ಒತ್ತುವ ಕೆಲಸ ಸ್ಪ್ರಿಂಗು, ಡ್ಯಾಂಪರಿನದು. ತೂಕ ಹೆಚ್ಚಿದಷ್ಟೂ ಅವು ಹಿಂದೆ ಬೀಳುತ್ತವೆ. ಅದಲ್ಲದೆ ಚಕ್ರ ಕಾರಿನ ಜೊತೆ ಮುಂದೆ ಸಾಗಬೇಕು, ತನ್ನಷ್ಟಕ್ಕೆ ತಿರುಗಲೂ ಬೇಕು. ಹಾಗಾಗಿ ಟೈರಿನ ಹೊರಮೈಯಲ್ಲಿ ಹೆಚ್ಚಿದ ಒಂದು ಕಿಲೋ, ವೇಗ ಹೆಚ್ಚಿಸುವಾಗಲೂ ಬ್ರೇಕ್ ಹಾಕುವಾಗಲೂ ಕಾರಿನ ಒಳಗೆ ಇಟ್ಟ ಸುಮಾರು ಎರಡು ಕಿಲೋಗೆ ಸಮ. ದೊಡ್ಡ ರಿಮ್ಮಿನಲ್ಲಿ ಲೋಹ ನಡುವಿನಿಂದ ದೂರ ಸರಿಯುತ್ತದೆ, ಅದೇ ತೂಕವಾದರೂ ತಿರುಗಿಸಲು ಹೆಚ್ಚು ಬಲ ಬೇಕು. ಆ ಅಂಗಡಿಯಲ್ಲಿದ್ದ ಅಗ್ಗದ ಹದಿನೇಳರ ರಿಮ್ ತಕ್ಕಡಿಯ ಮೇಲೆ ಹತ್ತು ಕಿಲೋ ದಾಟಿತು. 105 ಪಿಎಸ್ ಕಾರಿಗೆ ಅದು ದೊಡ್ಡ ಹೊರೆ.

ಹಾಗಾದರೆ ಏನೇನು ಉಳಿಯಿತು? ಮೂರು ಅಳತೆ. ಕಾರಿನ ಜೊತೆ ಬಂದ ರಿಮ್ಮಿಗೇ 195/60 ಆರ್15. ಇಲ್ಲವೇ ಹದಿನಾರರಲ್ಲಿ 205/50. ಇಲ್ಲವೇ ಹದಿನಾರರಲ್ಲಿ 195/55.

ಮೊದಲನೆಯದನ್ನು ನಾನು ಹೆಚ್ಚಿನವರಿಗೆ ಶಿಫಾರಸು ಮಾಡುತ್ತೇನೆ. ರಿಮ್ ಖರ್ಚಿಲ್ಲ, ಪಕ್ಕೆ 117 ಮಿ.ಮೀ., ವ್ಯಾಸ ಶೇಕಡಾ 2 ಮಾತ್ರ ಹೆಚ್ಚು, ಆಫ್‌ಸೆಟ್ಟಿನ ತಲೆನೋವಿಲ್ಲ. ಒಳ್ಳೆಯ ಕಂಪೆನಿಯ ನಾಲ್ಕು ಟೈರು ಹಾಕಿಸಿ ಆರಾಮಾಗಿರಬಹುದು. ನಾನು ಅಲ್ಲಿಗೆ ನಿಲ್ಲದ್ದಕ್ಕೆ ಕಾರಣ ಸ್ಟೀರಿಂಗು. ಎತ್ತರದ ಪಕ್ಕೆ ಆರು ಇಂಚು ಅಗಲದ ರಿಮ್ಮಿನ ಮೇಲೆ ಕೂತಾಗ, ಸ್ಟೀರಿಂಗ್ ತಿರುಗಿಸಿದ ಮೇಲೆ ಪಕ್ಕೆ ಮೊದಲು ವಾಲಿ ಆಮೇಲೆ ಕಾರು ತಿರುಗುತ್ತದೆ. ಆ ಒಂದು ಚೂರು ತಡ ನನಗೆ ಒಗ್ಗುವುದಿಲ್ಲ.

205/50 ಆರ್16 ಕಾಗದದ ಮೇಲೆ ನನ್ನ ಮೆಚ್ಚಿನದು. ವ್ಯಾಸ 611 ಮಿ.ಮೀ., ಮೂಲಕ್ಕಿಂತ ಶೇಕಡಾ 1.4 ಹೆಚ್ಚು. ಪಕ್ಕೆ ನೂರರ ಮೇಲೆ ಎರಡೂವರೆ. ಆದರೆ ಸಂಜೆ ಆರಕ್ಕೆ ಬೇಲೂರಿನ ಆಚೆ ಒಂದು ಟೈರು ಒಡೆದರೆ ಮರುದಿನ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಅದು ಸಿಗಬೇಕು. ಹಾಸನದ ಟೈರ್ ಅಂಗಡಿಯವರಿಗೆ ಫೋನ್ ಮಾಡಿ ಕೇಳಿದೆ. 205/50 ಆರ್ಡರ್ ಹಾಕಬೇಕು ಅಂದರು. 195/55 ಆರ್16 ಎಷ್ಟು ಬೇಕು ಅಂತ ವಾಪಸ್ ಕೇಳಿದರು, ಯಾಕೆಂದರೆ ಬಲೆನೊಗೂ ಐ20ಗೂ ಅದೇ ಅಳತೆ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಹೀಗಿರುವಾಗ ಇಲ್ಲೇ ತಯಾರಾಗುವ, ಇಲ್ಲಿನ ಕಾರುಗಳಿಗೇ ಬರುವ ಅಳತೆ ಹಿಡಿಯುವುದೇ ಜಾಣತನ. ಪಕ್ಕದ ಊರಿನಲ್ಲಿ ಸಿಗದ ಟೈರು ಎಷ್ಟೇ ಒಳ್ಳೆಯದಾದರೂ ನನ್ನ ಕಾರಿಗೆ ಒಳ್ಳೆಯದಲ್ಲ.

195/55 ಆರ್16ರ ಪಕ್ಕೆ 107 ಮಿ.ಮೀ. ಮೂಲಕ್ಕಿಂತ ನಾಲ್ಕೇ ಮಿಲಿಮೀಟರು ಕಡಿಮೆ. ಇದೇ ಇದರ ಗುಟ್ಟು: ರಿಮ್ ಒಂದು ಇಂಚು ದೊಡ್ಡದಾದರೂ ಗುಂಡಿಗೆ ಅಡ್ಡ ನಿಲ್ಲುವ ರಬ್ಬರು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಒಂದು ಟೈರು ಹೊರುವ ಭಾರವೂ ಹೆಚ್ಚಿತು: ಹಳೆಯದರ ಲೋಡ್ ಇಂಡೆಕ್ಸ್ 84, ಅಂದರೆ 500 ಕೆ.ಜಿ.; ಇದರದು 87, ಅಂದರೆ 545 ಕೆ.ಜಿ. ಕಂಪೆನಿಯೇ ಮುಂದೆ ಪೋಲೊ ಜಿಟಿಗೆ ಕೊಟ್ಟ ಅಳತೆ ಕೂಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಅದೇ ಮಾದರಿಯ ಕಾರಿಗೆ ಕಂಪೆನಿಯೇ ಕೊಟ್ಟ ಅಳತೆಯಲ್ಲಿದ್ದರೆ ನನಗೆ ನೆಮ್ಮದಿ.

ಇದರ ಬೆಲೆ ವ್ಯಾಸದಲ್ಲಿದೆ. ಹಳೆಯದು 603 ಮಿ.ಮೀ., ಹೊಸದು 621. ಶೇಕಡಾ 3 ಹೆಚ್ಚು. ಅಂದರೆ ಪ್ರತಿ ಗೇರೂ ಶೇಕಡಾ 3 ಉದ್ದವಾಯಿತು, ಹೊರಡುವಾಗಿನ ಚುರುಕು ಒಂದು ಚೂರು ಕುಗ್ಗಿತು. ಟರ್ಬೊ ಟಾರ್ಕ್ ಬೇಗ ಬರುವುದರಿಂದ ನನಗೆ ಅದು ಕೊರತೆ ಅನ್ನಿಸಲಿಲ್ಲ. ಸ್ಪೀಡೋಮೀಟರಿನ ಮಾತು ಬೇರೆ. ಯುರೋಪಿನ ಕಾರುಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ನಿಯಮದಂತೆ ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ಎಂದೂ ತೋರಿಸಬಾರದು. ಹೆಚ್ಚು ತೋರಿಸಬಹುದು, ಶೇಕಡಾ 10 ಮತ್ತು ಮೇಲೆ ಗಂಟೆಗೆ 4 ಕಿ.ಮೀ.ವರೆಗೆ. ಅದಕ್ಕೇ ಕಂಪೆನಿಗಳು ಸ್ವಲ್ಪ ಹೆಚ್ಚೇ ತೋರಿಸುವಂತೆ ಇಟ್ಟಿರುತ್ತವೆ. ನನ್ನ ಕಾರಿನಲ್ಲಿ ಮೀಟರು 100 ಅಂದಾಗ ಜಿಪಿಎಸ್ 95ರ ಆಸುಪಾಸು ಹೇಳುತ್ತಿತ್ತು. ಈಗ 98 ಹೇಳುತ್ತದೆ. ಮೀಟರಿನ ಲೆಕ್ಕದಲ್ಲಿ ಇನ್ನೂ ದೊಡ್ಡ ಟೈರಿಗೆ ಅವಕಾಶವಿಲ್ಲ ಎಂದು ಅರ್ಥ. ಲಾಭವೂ ಒಂದಿದೆ: ತ್ರಿಜ್ಯ ಹೆಚ್ಚಿದಷ್ಟು, ಅಂದರೆ 9 ಮಿ.ಮೀ., ಕಾರು ನೆಲದಿಂದ ಮೇಲೆದ್ದಿತು. ನಮ್ಮ ಹಂಪುಗಳನ್ನು ಬಲ್ಲವರಿಗೆ ಒಂಬತ್ತು ಮಿಲಿಮೀಟರಿನ ಬೆಲೆ ಗೊತ್ತು.

ಟೈರು ತೀರ್ಮಾನವಾಯಿತು. ಈಗ ರಿಮ್ಮಿನ ಅಗಲ. 195/55 ಟೈರಿಗೆ ಐದೂವರೆಯಿಂದ ಏಳು ಇಂಚಿನವರೆಗಿನ ರಿಮ್ ಒಪ್ಪುತ್ತದೆ, ಟೈರನ್ನು ಅಳೆಯುವ ಪ್ರಮಾಣ ರಿಮ್ ಆರು. ಅರ್ಧ ಇಂಚು ಅಗಲ ಮಾಡಿದರೆ ಟೈರು ಸುಮಾರು 5 ಮಿ.ಮೀ. ಹರಡುತ್ತದೆ, ಪಕ್ಕೆ ನೆಟ್ಟಗಾಗುತ್ತದೆ, ಸ್ಟೀರಿಂಗಿಗೆ ತಕ್ಷಣ ಸ್ಪಂದಿಸುತ್ತದೆ. ಏಳಕ್ಕೆ ಹೋದರೆ ಇನ್ನೂ ಚುರುಕು, ಆದರೆ ರಿಮ್ಮಿನ ತುಟಿ ಟೈರಿನ ಹೊರಗೆ ಬೆತ್ತಲಾಗಿ ನಿಲ್ಲುತ್ತದೆ. ತೋಟದ ದಾರಿಯ ಕಲ್ಲಿಗೆ ಮೊದಲು ತಾಗುವುದು ರಬ್ಬರಾಗಿರಬೇಕು, ಅಲ್ಯೂಮಿನಿಯಂ ಆಗಿರಬಾರದು. ಆರೂವರೆ ಸಾಕು.

ಆಫ್‌ಸೆಟ್ ಹೆಚ್ಚಿನವರು ಮುಟ್ಟದೆ ಬಿಡುವ ಭಾಗ, ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ರಿಮ್ಮಿನ ಅಗಲದ ನಟ್ಟನಡುವಿನ ಗೆರೆಗೂ ಅದು ಹಬ್ಬಿಗೆ (ಚಕ್ರವನ್ನು ಬೋಲ್ಟ್ ಮಾಡುವ ಕಾರಿನ ಭಾಗಕ್ಕೆ) ಕೂರುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ರಿಮ್ಮಿನ ಹಿಂಬದಿಯಲ್ಲಿ ಎರಕದಲ್ಲೇ ಬರೆದಿರುತ್ತದೆ. ನನ್ನ ಹಳೆಯದರಲ್ಲಿ 6ಜೆ × 15, ಇಟಿ 40 ಎಂದಿತ್ತು: ಆರು ಇಂಚು ಅಗಲ, ಹದಿನೈದು ಇಂಚು ವ್ಯಾಸ, 40 ಮಿ.ಮೀ. ಆಫ್‌ಸೆಟ್. ನಿಮ್ಮದನ್ನು ಕಳಚಿ ಓದಿಕೊಳ್ಳಿ, ಯಾರ ಮಾತನ್ನೂ ನಂಬಬೇಡಿ. ಇಟಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಇಟಿ 40ರಲ್ಲೇ ಉಳಿದು ಆರರಿಂದ ಆರೂವರೆಗೆ ಹೋದರೆ ಎರಡೂ ಕಡೆ 6.35 ಮಿ.ಮೀ. ಬೆಳೆಯುತ್ತದೆ. ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವ 7ಜೆ, ಇಟಿ 35 ಹಾಕಿದರೆ ಹೊರಗೆ 17.7, ಒಳಗೆ 7.7. ಮಡ್‌ಗಾರ್ಡಿನ ಅಂಚಿಗೆ ಸಮವಾಗಿ ತುಂಬಿಕೊಂಡ ಹಾಗೆ ಕಾಣುತ್ತದೆ, ಆ ನೋಟಕ್ಕೆ ಮಾರುಹೋಗುವವರೇ ಹೆಚ್ಚು. ಆದರೆ ಫೋಟೊದಲ್ಲಿ ಕಾಣದ ಒಂದು ಸಂಗತಿ ಇದೆ.

ಮುಂದಿನ ಚಕ್ರ ಸ್ಟೀರಿಂಗಿನ ಜೊತೆ ತಿರುಗುವುದು ಒಂದು ಓರೆ ಗೆರೆಯ ಸುತ್ತ. ಸ್ಟ್ರಟ್ಟಿನ (ಸ್ಪ್ರಿಂಗು, ಡ್ಯಾಂಪರು ಸೇರಿದ ಕಂಬದ) ತಲೆಯಿಂದ ಕೆಳಗಿನ ಬಾಲ್‌ಜಾಯಿಂಟಿನ (ಚಕ್ರ ತಿರುಗಲು ಬಿಡುವ ಕೀಲಿನ) ಮೂಲಕ ಆ ಗೆರೆಯನ್ನು ನೆಲದವರೆಗೆ ಎಳೆಯಿರಿ. ಅದು ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ಅಂತರಕ್ಕೆ ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಗೆರೆ ಟೈರಿನ ನಡುವಿಗಿಂತ ಹೊರಗೆ ನೆಲ ಮುಟ್ಟಿದರೆ ಋಣ, ಒಳಗೆ ಮುಟ್ಟಿದರೆ ಧನ. 1972ರ ಔಡಿ 80 ಋಣ ಸ್ಕ್ರಬ್ಬಿನೊಂದಿಗೆ ಬಂದ ಕಾರು, ಔಡಿ, ಫೋಕ್ಸ್‌ವ್ಯಾಗನ್ ಮನೆತನದ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಆ ಪದ್ಧತಿ ಮುಂದೆಯೂ ನಡೆದು ಬಂತು. ಕಾರಣ ಹೀಗೆ: ಎಡಚಕ್ರ ಕೆಸರಿನಲ್ಲಿದೆ, ಬಲಚಕ್ರ ಡಾಂಬರಿನ ಮೇಲಿದೆ, ಬ್ರೇಕ್ ಒತ್ತಿದಿರಿ. ಬಲಗಡೆ ಹಿಡಿತ ಹೆಚ್ಚು, ಕಾರು ಬಲಕ್ಕೆ ಎಳೆಯುತ್ತದೆ. ಸ್ಕ್ರಬ್ ಋಣವಾಗಿದ್ದರೆ ಅದೇ ಬ್ರೇಕಿನ ಬಲ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಲು ನೋಡುತ್ತದೆ, ಕಾರು ತನ್ನನ್ನು ತಾನೇ ನೇರ ಮಾಡಿಕೊಳ್ಳುತ್ತದೆ. ಧನವಾಗಿದ್ದರೆ ಸ್ಟೀರಿಂಗೂ ಬಲಕ್ಕೇ ಎಳೆಯುತ್ತದೆ. ಚಾರ್ಮಾಡಿಯಲ್ಲಿ ಎದುರಿಗೆ ಬಸ್ಸು ಬಂದು ಎಡಗಡೆಯ ಎರಡು ಚಕ್ರ ಕೆಸರಿಗಿಳಿಸಿ ಬ್ರೇಕ್ ಹಾಕುವುದು ಮಳೆಗಾಲದ ದಿನನಿತ್ಯದ ಕೆಲಸ. ಹಬ್ಬಿಗೂ ರಿಮ್ಮಿಗೂ ನಡುವೆ ಅಗಲವಾದ ಸ್ಪೇಸರ್ ಹಾಕಿ, ಇಟಿ 25ರ ರಿಮ್ ಹಾಕಿ ಚಕ್ರವನ್ನು ಹೊರಗೆಳೆದವರು ಈ ರಕ್ಷಣೆಯನ್ನೇ ಬಿಟ್ಟುಕೊಡುತ್ತಾರೆ. ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ಸು, ಕಾರು ಜಾರದಂತೆ ತಡೆಯುವ ಇಎಸ್‌ಪಿ ಇವೆ ನಿಜ; ಅವುಗಳ ಲೆಕ್ಕವೂ ಮೂಲ ಜ್ಯಾಮಿತಿಯ ಮೇಲೇ ನಿಂತಿರುತ್ತದೆ.

ಇಲ್ಲೊಂದು ಸೊಗಸಾದ ಹೊಂದಾಣಿಕೆ ಇದೆ. ಟೈರಿನ ತ್ರಿಜ್ಯ 9 ಮಿ.ಮೀ. ಹೆಚ್ಚಾಯಿತಲ್ಲ, ಆಗ ಆ ಓರೆ ಗೆರೆ ನೆಲ ಮುಟ್ಟಲು 9 ಮಿ.ಮೀ. ಇನ್ನೂ ಕೆಳಗಿಳಿಯಬೇಕು. ಕೆಳಗಿಳಿದಷ್ಟೂ ಅದು ಹೊರಗೆ ಸರಿಯುತ್ತದೆ. ಓರೆ 12ರಿಂದ 15 ಡಿಗ್ರಿ ಎಂದಿಟ್ಟುಕೊಂಡರೆ ಹೊರಗೆ ಸರಿದದ್ದು ಸುಮಾರು 2 ಮಿ.ಮೀ. ಹಾಗಾಗಿ ಚಕ್ರದ ನಡುವನ್ನೂ 2 ಮಿ.ಮೀ. ಹೊರಗೆ ತಂದರೆ ಸ್ಕ್ರಬ್ ಮೂಲದಲ್ಲಿದ್ದಲ್ಲೇ ಉಳಿಯುತ್ತದೆ. ಅಂದರೆ ಇಟಿ 38. ಹಾಳೆಯ ಮೇಲೆ ಈ ಉತ್ತರ ಬಂದಾಗ ನನಗಾದ ಸಂತೋಷ ಹೇಳತೀರದು. 6.5ಜೆ × 16, ಇಟಿ 38: ಹೊರಗೆ 8.35 ಮಿ.ಮೀ., ಒಳಗೆ 4.35 ಮಿ.ಮೀ. ಸ್ಟ್ರಟ್ಟಿಗೂ ಜಾಗ, ಮಡ್‌ಗಾರ್ಡಿಗೂ ಜಾಗ.

ಇನ್ನು ರಿಮ್ಮು ಹಬ್ಬಿಗೆ ಕೂರುವ ಕೆಲಸ. ಪೋಲೊದ ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ನಡುವಿನ ಮೂಲಕ ಹಾಯುವ ವೃತ್ತದ ವ್ಯಾಸ, 5×100 (ಐದು ತೂತು, 100 ಮಿ.ಮೀ.), ನಡುವಿನ ತೂತು 57.1 ಮಿ.ಮೀ. ಐದು ತೂತಿನ ಪಿಸಿಡಿಯನ್ನು ನೇರವಾಗಿ ಅಳೆಯಲಾಗದು. ಪಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ ವರ್ನಿಯರ್ ಹಿಡಿಯಿರಿ. 5×100ಕ್ಕೆ 58.8 ಮಿ.ಮೀ. ಬರಬೇಕು. 65.8 ಬಂದರೆ ಅದು 5×112, ಲಾರಾ ಮತ್ತು ಆಮೇಲೆ ಬಂದ ಆಕ್ಟೇವಿಯದ ರಿಮ್ಮು. 57.6 ಬಂದರೆ 5×98. ಒಂದು ಮಿಲಿಮೀಟರಿನ ವ್ಯತ್ಯಾಸ, ಬೋಲ್ಟ್ ಎಳ್ಕೊಂಡು ಕೂರುತ್ತೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಬೋಲ್ಟ್ ಓರೆಯಾಗಿ ಕೂತರೆ ಅದು ಬಿಗಿಯಾದಂತೆ ಕಾಣುತ್ತದೆಯೇ ಹೊರತು ಬಿಗಿಯಾಗಿರುವುದಿಲ್ಲ. ವರ್ಟಸ್, ಟೈಗುನ್, ಸ್ಲಾವಿಯಾ, ಕುಶಾಕ್ ಕಾರುಗಳೆಲ್ಲವೂ 5×100, 57.1. ಹಾಗಾಗಿ ಈಗ ಕಂಪೆನಿ ರಿಮ್ಮುಗಳೂ ಸೆಕೆಂಡ್‌ಹ್ಯಾಂಡಿನಲ್ಲಿ ಸಿಗುತ್ತವೆ, ಆಫ್‌ಸೆಟ್ ನೋಡಿ ತೆಗೆದುಕೊಳ್ಳಬೇಕು.

ನಾನು ತೆಗೆದುಕೊಂಡದ್ದು ಫ್ಲೋ ಫಾರ್ಮ್ ಮಾಡಿದ ರಿಮ್. ನಡುಭಾಗ ಎರಕ, ಟೈರು ಕೂರುವ ಸುತ್ತುಭಾಗವನ್ನು ಬಿಸಿಯಲ್ಲಿ ತಿರುಗಿಸುತ್ತ ರೋಲರಿನಿಂದ ಒತ್ತಿ ತೆಳ್ಳಗೆ ಎಳೆದಿರುತ್ತಾರೆ. ಲೋಹದ ಕಣ ಉದ್ದಕ್ಕೆ ಸಾಲುಗೊಂಡು, ತೆಳುವಾದರೂ ಎರಕಕ್ಕಿಂತ ಬಲವಾಗಿರುತ್ತದೆ, ತೂಕ ಉಳಿಯುವುದು ಹೊರಗಿನ ಸುತ್ತಿನಲ್ಲಿ, ಅಂದರೆ ಉಳಿಯಲೇಬೇಕಾದ ಜಾಗದಲ್ಲಿ. ಹಿಂಬದಿಯಲ್ಲಿ ಜೆಡಬ್ಲ್ಯುಎಲ್, ವಿಐಎ ಎಂಬ ಜಪಾನಿನ ಗುಣಮಟ್ಟದ ಮುದ್ರೆ ಮತ್ತು ಒಂದು ಚಕ್ರ ಹೊರುವ ಗರಿಷ್ಠ ಭಾರ ನೋಡಿಕೊಳ್ಳಿ. ಮುದ್ರೆ ಇಲ್ಲದ್ದು ಎಷ್ಟೇ ಚೆಂದವಿದ್ದರೂ ಬೇಡ.

ನಡುವಿನ ತೂತು 73.1 ಇತ್ತು, ನನ್ನ ಹಬ್ 57.1. ನಡುವೆ ಒಂದು ರಿಂಗ್ ಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನದು ಸಿಗುತ್ತದೆ, ಘಾಟಿ ಇಳಿಯುವಾಗ ಕಾಯುವ ಬ್ರೇಕಿನ ಪಕ್ಕದಲ್ಲಿ ಪ್ಲಾಸ್ಟಿಕ್ಕನ್ನು ನಾನು ಇಡುವುದಿಲ್ಲ. ನಮ್ಮ ಟೂಲ್‌ರೂಮಿನ ಲೇತಿನಲ್ಲೇ ಅಲ್ಯೂಮಿನಿಯಂ ರಿಂಗ್ ತಿರುವಿಸಿಕೊಂಡೆ. ಒಳಗೆ 57.15, ಹೊರಗೆ 73.05, ಕೈಯಲ್ಲಿ ಒತ್ತಿದರೆ ಕೂರಬೇಕು, ಆಡಬಾರದು. ಉಕ್ಕಿನ ಹಬ್ಬಿಗೂ ಅಲ್ಯೂಮಿನಿಯಮ್ಮಿಗೂ ಮಳೆನೀರು ಸೇರಿದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಆದ್ದರಿಂದ ತೆಳುವಾಗಿ ಗ್ರೀಸ್ ಸವರಿದೆ. ರಿಂಗ್ ಸರಿ ಇಲ್ಲದಿದ್ದರೆ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ವೇಗದಲ್ಲಿ ಸ್ಟೀರಿಂಗ್ ನಡುಗಬಹುದು.

ಬೋಲ್ಟಿನ ವಿಷಯವನ್ನು ದಯವಿಟ್ಟು ಎರಡು ಸಲ ಓದಿ. ಫೋಕ್ಸ್‌ವ್ಯಾಗನ್‌ನ ಮೂಲ ಬೋಲ್ಟ್ ಎಂ14×1.5, ಅದರ ಕುತ್ತಿಗೆ ಗುಂಡಗಿರುತ್ತದೆ. ಹೊರಗಿನ ರಿಮ್ಮುಗಳಲ್ಲಿ ಹೆಚ್ಚಿನವು 60 ಡಿಗ್ರಿಯ ಶಂಕುವಿನ ಆಕಾರದ ಕುತ್ತಿಗೆ ಕೇಳುತ್ತವೆ. ಗುಂಡು ಕುತ್ತಿಗೆಯನ್ನು ಶಂಕುವಿನ ಗುಳಿಗೆ ಹಾಕಿದರೆ ಒಂದು ಸಣ್ಣ ಗೆರೆಯಷ್ಟೇ ತಾಗುತ್ತದೆ, ಓಡುತ್ತ ಓಡುತ್ತ ಸಡಿಲಾಗುತ್ತದೆ. ಉದ್ದವೂ ಮುಖ್ಯ: ಗಿಡ್ಡವಾದರೆ ಎಳೆ ಸಾಲದು, ಉದ್ದವಾದರೆ ಹಿಂದಿನ ಡ್ರಮ್ಮಿನ ಒಳಗೆ ಬ್ರೇಕಿನ ಭಾಗಕ್ಕೆ ತಾಗಬಹುದು. ಹೊಸ ರಿಮ್ಮಿನ ಗುಳಿಯಿಂದ ಹಬ್ ಮುಖದವರೆಗಿನ ದಪ್ಪವನ್ನು ಹಳೆಯದರೊಂದಿಗೆ ಹೋಲಿಸಿ ಉದ್ದ ಗೊತ್ತು ಮಾಡಿಕೊಳ್ಳಿ. 120 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲಿ ಬಿಗಿ, ಗಾಳಿ ಗನ್ನಿನಲ್ಲಿ ಅಲ್ಲ. ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ.

ನಾಲ್ಕೂ ಹಾಕುವ ಮೊದಲು ಟೈರು ಏರಿಸಿದ ಒಂದು ಚಕ್ರ ಮಾತ್ರ ಕೂರಿಸಿ ನೋಡಿದೆ. ಮಕ್ಕಳಾಡುವ ಬಣ್ಣದ ಮಣ್ಣನ್ನು ಸ್ಟ್ರಟ್ಟಿಗೂ ಮಡ್‌ಗಾರ್ಡಿನ ಒಳಗಿನ ಲೈನರಿಗೂ ಅಂಟಿಸಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಮಣ್ಣು ಎಷ್ಟು ಒತ್ತಿತು ಎಂದು ಅಳೆದರೆ ಉಳಿದ ಜಾಗ ಗೊತ್ತಾಗುತ್ತದೆ. ಹಿಂದಿನ ಚಕ್ರಕ್ಕೆ ಭಾರ ಬೇಕು. ತೋಟದಲ್ಲಿ ಡಿಕ್ಕಿಗೆ ಕಾಫಿ ಚೀಲ ಹೇರಿ, ಅಪ್ಪನನ್ನೂ ಕೆಲಸದ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ ಅಂಗಳದ ಇಳಿಜಾರಿನಲ್ಲಿ ನಿಧಾನವಾಗಿ ಓಡಿಸಿದೆ. "ಚಕ್ರ ನೋಡೋಕೆ ಇಷ್ಟು ಜನ ಬೇಕೇನೋ ಮಗ" ಅಂದರು ಅಪ್ಪ. ಆಮೇಲೆ ಅವರೇ ಬಗ್ಗಿ ನೋಡಿ, ಎಲ್ಲೂ ತಾಗಿಲ್ಲ ಅಂದರು.

ಟೈರಿನ ರಬ್ಬರಿನ ಬಗ್ಗೆ ಒಂದೇ ಮಾತು. ಪಕ್ಕೆಯ ಮೇಲೆ ಟ್ರೆಡ್‌ವೇರ್ ಎಂಬ ಅಂಕಿ ಇರುತ್ತದೆ. ಅಮೆರಿಕದ ಪದ್ಧತಿ ಅದು; ಟೆಕ್ಸಾಸಿನ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ, 100 ಎಂದು ಗೊತ್ತು ಮಾಡಿದ ಒಂದು ಪ್ರಮಾಣ ಟೈರಿನ ಸವೆತಕ್ಕೆ ಹೋಲಿಸಿ ಕೊಡುವ ಅಂಕಿ. ಕೊಡುವವರು ಕಂಪೆನಿಯವರೇ, ಆದ್ದರಿಂದ ಒಂದೇ ಕಂಪೆನಿಯ ಎರಡು ಟೈರುಗಳ ನಡುವೆ ಹೋಲಿಸಲಷ್ಟೇ ಅದು ಉಪಯೋಗ. ಮಲೆನಾಡಿಗೆ ನಾನು ನೋಡುವುದು ಒದ್ದೆಯ ಹಿಡಿತದ ದರ್ಜೆ, ಎಎ ಇಲ್ಲವೇ ಎ, ಮತ್ತು ಉದ್ದಕ್ಕೆ ಹರಿಯುವ ಅಗಲವಾದ ಕಾಲುವೆಗಳು. ಹೆಚ್ಚು ಅಗಲದ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. 195ಕ್ಕೆ ನಿಂತದ್ದಕ್ಕೆ ಇದೂ ಒಂದು ಕಾರಣ. ಕಾನೂನು 1.6 ಮಿ.ಮೀ.ವರೆಗೆ ಸವೆಯಲು ಬಿಡುತ್ತದೆ, ನಾನು ಮೂರಕ್ಕೆ ಬಂದ ಕೂಡಲೇ, ಮುಂಗಾರಿಗೆ ಮೊದಲು ಬದಲಿಸುತ್ತೇನೆ. ಕೊಳ್ಳುವಾಗ ಪಕ್ಕೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ, ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ.

ಗಾಳಿ ಮೊದಲಿಗೆ ಕಂಪೆನಿಯ ಸ್ಟಿಕ್ಕರಿನಲ್ಲಿದ್ದಷ್ಟೇ. ಆಮೇಲೆ ಟೈರಿನ ಭುಜದ (ನೆಲ ಮುಟ್ಟುವ ಮೈ ಪಕ್ಕೆಗೆ ತಿರುಗುವ ಅಂಚಿನ) ಮೇಲೆ ಸೀಮೆಸುಣ್ಣದ ಗೆರೆ ಎಳೆದು ಬೇಲೂರು ರಸ್ತೆಯಲ್ಲಿ ಓಡಿಸಿ ನೋಡಿದೆ. ಸುಣ್ಣ ಪಕ್ಕೆಯ ಕಡೆಗೆ ಹೆಚ್ಚು ಅಳಿಸಿದರೆ ಗಾಳಿ ಕಡಿಮೆ, ಭುಜ ಮುಟ್ಟದೆ ಉಳಿದರೆ ಹೆಚ್ಚು. ಮುಂದಕ್ಕೆ ಒಂದು ಪಾಯಿಂಟ್ ಏರಿಸಿದೆ, ಅಷ್ಟೇ.

ಸ್ಟೆಪ್ನಿ ಈಗ ಬೇರೆ ವ್ಯಾಸದ್ದು. ಮುಂದಿನ ಚಕ್ರ ಪಂಕ್ಚರಾದರೆ ಹಿಂದಿನದನ್ನು ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕುವುದು ಒಳ್ಳೆಯದು. ಎಳೆಯುವ ಎರಡು ಚಕ್ರ ಸಮವಾಗಿಲ್ಲದಿದ್ದರೆ ಎರಡು ಚಕ್ರಗಳ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಇನ್ನೂ ಒಂದು: ಸ್ಟೆಪ್ನಿಯ ರಿಮ್ ಕೇಳುವುದು ಗುಂಡು ಕುತ್ತಿಗೆಯ ಹಳೆಯ ಬೋಲ್ಟನ್ನು. ಐದು ಹಳೆಯ ಬೋಲ್ಟು ಸ್ಟೆಪ್ನಿಯ ಜೊತೆಗೇ ಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ಹಳೆಯ ಹದಿನೈದರ ರಿಮ್ಮುಗಳನ್ನು ಮಾರಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ.ಯ ಟ್ರ್ಯಾಕು, ಅಲ್ಲಿ ಗುಂಡಿಯಿಲ್ಲ, ಪಕ್ಕೆಯ ಎತ್ತರ ಬೇಕಿಲ್ಲ. ಅದೇ 6ಜೆ ರಿಮ್ಮಿಗೆ 195/50 ಆರ್15 ಒಪ್ಪುತ್ತದೆ. ವ್ಯಾಸ 576 ಮಿ.ಮೀ.ಗೆ ಇಳಿದು ಗೇರುಗಳು ಶೇಕಡಾ 4.5 ಗಿಡ್ಡವಾಗುತ್ತವೆ, 105 ಪಿಎಸ್ಸಿಗೆ ತಿರುವಿನಿಂದ ಹೊರಡುವಾಗ ಅದು ಒಳ್ಳೆಯ ಸಹಾಯ. ಕಾಫಿ ಕೊಯ್ಲು ಮುಗಿದ ಮೇಲೆ ಆ ಟೈರು ಹುಡುಕಲು ಹೊರಡುತ್ತೇನೆ.